ಹೊರಗಿನ ಹಣ, ಊರಿನ ಕೆರೆ: ಸಂಪಾದಕರ ಉತ್ತರ

ಶಿರಾ ತಾಲ್ಲೂಕಿನ ಓದುಗರೊಬ್ಬರು ಬರೆದ ಪತ್ರದ ಸಾರ ಹೀಗಿದೆ: "ಬೆಂಗಳೂರಿನ ಕಂಪನಿಯೊಂದರ ಹಣದಲ್ಲಿ ನಮ್ಮ ಕೆರೆ ಹೂಳು ತೆಗೆಸುತ್ತೇವೆಂದು ಒಂದು ಸಂಸ್ಥೆ ಬಂದಿದೆ. ಹುಡುಗರಿಗೆ ಉತ್ಸಾಹ, ಹಿರಿಯರಿಗೆ ಬೇಡ. ಹದಿನೈದು ವರ್ಷದ ಹಿಂದೆ ಹೀಗೇ ಒಂದು ಯೋಜನೆ ಬಂದಿತ್ತು. ಸಂಘ ಮಾಡಿದರು, ಬೋರ್ಡ್ ಹಾಕಿದರು, ಹೋದರು. ಕಾಲುವೆಗೆ ನೀರು ಬಿಡುವ ತೂಬಿಗೆ ಅವರು ಹಾಕಿಸಿದ ಹೊಸ ಕಬ್ಬಿಣದ ಗೇಟು ಇವತ್ತು ಮುಚ್ಚುವುದಿಲ್ಲ, ಸಂಘದ ಪಾಸ್‌ಬುಕ್ ಎಲ್ಲಿದೆಯೋ ಗೊತ್ತಿಲ್ಲ. ಬೇಸಾಯ, ಪಂಚಾಯಿತಿ, ರಾಜಕೀಯ, ಶಾಲೆ, ಎಲ್ಲೇ ಆಗಲಿ ಹೊರಗಿನವರು ಕೈಯಿಟ್ಟರೆ ಊರಿನವರು ಕೈ ಬಿಡುತ್ತಾರೆ. ಈ ಸಲ ಬೇಡ ಅನ್ನುವುದೇ ಸರಿಯಲ್ಲವೇ?"

ಮಾನ್ಯರೇ,

ನಿಮ್ಮ ಹಿರಿಯರ ಅನುಮಾನಕ್ಕೆ ಗಟ್ಟಿ ಕಾರಣವಿದೆ. ಆದರೂ ಬೇಡ ಎನ್ನಬೇಡಿ ಎಂಬುದೇ ನಮ್ಮ ಸಲಹೆ. ಹಣ ಬರಲಿ, ಯಂತ್ರ ಬರಲಿ. ತೂಬು ತೆಗೆಯುವವರ ಸಂಬಳ ಮಾತ್ರ ಮೊದಲ ವರ್ಷದಿಂದಲೇ ಅಚ್ಚುಕಟ್ಟಿನ, ಅಂದರೆ ಕೆರೆ ನೀರುಣ್ಣುವ ಹೊಲಗಳ, ರೈತರಿಂದ ಬರಬೇಕು. ಇದಕ್ಕೆ ಊರು ಒಪ್ಪದಿದ್ದರೆ ಆಗ ಸಂಸ್ಥೆಯನ್ನು ವಾಪಸ್ ಕಳಿಸಿ.

ಕೆರೆಗೆ ಹೊರಗಿನ ಕೈ ಬಿದ್ದದ್ದು ಹದಿನೈದು ವರ್ಷದ ಹಿಂದೆ ಅಲ್ಲ. ಹಳೆ ಮೈಸೂರು ಸೀಮೆಯಲ್ಲಿ ಕೆರೆ ಕಟ್ಟಿದವರಿಗೆ, ಕಾಯ್ದವರಿಗೆ ಕಟ್ಟುಕೊಡಗೆ ಎಂಬ ದತ್ತಿ ಭೂಮಿ ಇರುತ್ತಿತ್ತು. ತೂಬು ತೆಗೆದು ನೀರು ಹಂಚುವ ನೀರುಗಂಟಿಗೆ ಮಾನ್ಯದ ಹೊಲ, ಸುಗ್ಗಿಯಲ್ಲಿ ಕಣದಿಂದ ಕಾಳು. 1856ರಲ್ಲಿ ಮೈಸೂರಿನಲ್ಲಿ ಲೋಕೋಪಯೋಗಿ ಇಲಾಖೆ ಹುಟ್ಟಿದ ಮೇಲೆ ದುರಸ್ತಿಯ ಹೊಣೆ ಮೆಲ್ಲಗೆ ಇಂಜಿನಿಯರರ ಕಡೆ ಸರಿಯಿತು. 1961ರ ಗ್ರಾಮ ಕಚೇರಿಗಳ ರದ್ದತಿ ಕಾಯ್ದೆ ವಂಶಪಾರಂಪರ್ಯದ ಹುದ್ದೆಗಳನ್ನು ತೆಗೆಯಿತು. ಆ ಕಾಯ್ದೆ ಆಗಲೇಬೇಕಿತ್ತು, ಇದರಲ್ಲಿ ನಮಗೆ ಎರಡನೇ ಮಾತಿಲ್ಲ. ಎಷ್ಟೋ ಊರುಗಳಲ್ಲಿ ನೀರುಗಂಟಿಕೆ, ತೋಟಿಕೆ ಎರಡೂ ದಲಿತ ಮನೆಗಳ ಹೆಗಲಿಗೆ ಹುಟ್ಟಿನಿಂದಲೇ ಕಟ್ಟಿದ ಚಾಕರಿ. ಹುದ್ದೆ ಹೋಯಿತು, ಕೆಲಸ ಉಳಿಯಿತು. ಏರಿಯ ಏಡಿ ಬಿಲ, ಹೆಗ್ಗಣದ ಬಿಲ ಮುಚ್ಚುವುದು, ಕಾಲುವೆಯಲ್ಲಿ ಸರದಿ ಕಾಯುವುದು, ಮಳೆ ಹಿಡಿದ ರಾತ್ರಿ ಕೋಡಿ ನೋಡಿ ಬರುವುದು, ಇದಕ್ಕೆಲ್ಲ ಕೂಲಿ ಕೊಟ್ಟು ಒಬ್ಬರನ್ನು ನೇಮಿಸುವ ಏರ್ಪಾಡು ಹೆಚ್ಚಿನ ಊರುಗಳಲ್ಲಿ ಆಗಲೇ ಇಲ್ಲ. ಅದೇ ಕಾಲಕ್ಕೆ ಕೊಳವೆಬಾವಿ ಬಂತು. ಬಾವಿ ಇದ್ದವರಿಗೆ ತೂಬಿನ ಚಿಂತೆ ತಪ್ಪಿತು.

ಕೆರೆಗೆ ನೀರು ಹರಿದು ಬರುವ ಜಲಾನಯನದ ಕಥೆ ಬೇರೆ. 1980ರ ದಶಕದಲ್ಲಿ ವಿಶ್ವಬ್ಯಾಂಕ್ ನೆರವಿನ ಸಾಮಾಜಿಕ ಅರಣ್ಯ ಯೋಜನೆಯಡಿ ನೀಲಗಿರಿ ಸಸಿ ಊರೂರಿಗೆ ಹಂಚಿಕೆಯಾಯಿತು. ಕೂಲಿಯಾಳು ಬೇಡ, ದನ ಮುಟ್ಟುವುದಿಲ್ಲ, ಕಡಿದರೆ ಮತ್ತೆ ಚಿಗುರುತ್ತದೆ. ಪಟ್ಟಣದಲ್ಲಿ ಕೂತ ಜಮೀನುದಾರರಿಗೆ ಹೇಳಿ ಮಾಡಿಸಿದ ಬೆಳೆ. ರಾಗಿ ಹೊಲಗಳು ತೋಪಾದವು, ಕೂಲಿ ಹೋಯಿತು, ಮೇವು ಹೋಯಿತು. 1983ರಲ್ಲಿ ನಿಮ್ಮದೇ ತುಮಕೂರು ಜಿಲ್ಲೆಯ ರೈತರು ನರ್ಸರಿಗೆ ನುಗ್ಗಿ ನೀಲಗಿರಿ ಸಸಿ ಕಿತ್ತು ಹುಣಸೆ, ಮಾವು ನೆಟ್ಟರು. ಸರ್ಕಾರ ಹೊಸದಾಗಿ ನೀಲಗಿರಿ ನೆಡುವುದನ್ನು ನಿಷೇಧಿಸಿದ್ದು 2017ರಲ್ಲಿ. ನಿಮ್ಮ ಕೆರೆಯ ಮೇಲ್ಭಾಗದಲ್ಲಿ ಹರಿವು ಹೀರುವ ಹಳೆಯ ನೀಲಗಿರಿ ತೋಪು ಇದ್ದರೆ ಹೂಳಿಗಿಂತ ಮೊದಲು ಅದರ ಮಾತು ಎತ್ತಿ. ಒಳಹರಿವೇ ಇಲ್ಲದ ಕೆರೆಯನ್ನು ಎಷ್ಟು ಆಳ ಮಾಡಿದರೂ ಅದು ಗುಂಡಿ.

ಇನ್ನು ಸಂಘದ ವಿಚಾರ. ನಿಮ್ಮಲ್ಲಿಗೆ ಬಂದಿದ್ದ ಯೋಜನೆ ಯಾವುದೆಂದು ನೀವು ಬರೆದಿಲ್ಲ, ಬೇಕಾಗಿಯೂ ಇಲ್ಲ; ಆ ಕಾಲದ ಅಚ್ಚು ಎಲ್ಲ ಕಡೆ ಒಂದೇ ಇತ್ತು. 2002ರಲ್ಲಿ ವಿಶ್ವಬ್ಯಾಂಕ್ ಸಾಲದಲ್ಲಿ ಶುರುವಾದ ಸಮುದಾಯ ಆಧಾರಿತ ಕೆರೆ ಯೋಜನೆಗೂ ಜಲಸಂವರ್ಧನೆ ಯೋಜನಾ ಸಂಘ ಎಂಬ ಪ್ರತ್ಯೇಕ ಸಂಸ್ಥೆಯೇ ಆಯಿತು, ಕೆಳಗೆ ಕೆರೆಗೊಂದು ಬಳಕೆದಾರರ ಸಂಘ. ಇಲಾಖೆಯ ಕೆಂಪು ಪಟ್ಟಿ ತಪ್ಪಿಸಬೇಕು, ರೈತರೇ ತೀರ್ಮಾನಿಸಬೇಕು ಎಂಬ ಉದ್ದೇಶ ಒಳ್ಳೆಯದೇ. ತೊಂದರೆ ಇರುವುದು ಅಚ್ಚಿನಲ್ಲಿ. ಊರಿಗೆ ಮೊದಲೇ ಚುನಾಯಿತ ಪಂಚಾಯಿತಿ ಇದೆ. ಸಣ್ಣ ನೀರಾವರಿ ಸಂವಿಧಾನದ 11ನೇ ಅನುಸೂಚಿಯಲ್ಲೇ ಪಂಚಾಯಿತಿಯ ವಿಷಯ. ಅದರ ಪಕ್ಕ ಇನ್ನೊಂದು ಸಂಘ, ಇನ್ನೊಂದು ಖಾತೆ ತೆರೆದಾಗ ಹಣ ಇರುವವರೆಗೆ ಪಂಚಾಯಿತಿ ಸದಸ್ಯರು "ಅದು ಸಂಘದ್ದು" ಎನ್ನುತ್ತಾರೆ. ಹಣ ಮುಗಿದ ಮೇಲೆ ಸಂಘದವರು "ಅದು ಪಂಚಾಯಿತಿಯದು" ಎನ್ನುತ್ತಾರೆ. ರಾಜಕೀಯ ಬಂದು ಸೇರುವುದು ಇಲ್ಲೇ: ಪಂಚಾಯಿತಿಯಲ್ಲಿ ಸೋತ ಗುಂಪಿಗೆ ಸಂಘದ ಅಧ್ಯಕ್ಷಗಿರಿ ಸಿಕ್ಕರೆ ಕೆರೆ ಐದು ವರ್ಷ ಎರಡು ಪಕ್ಷಗಳ ಜಗಳದ ಕಣ. ಈ ಸಲ ಹೊಸ ಸಂಘ ಬೇಡ. ಪಂಚಾಯಿತಿಯದೇ ಉಪಸಮಿತಿ ಇರಲಿ, ಅದರಲ್ಲಿ ಕಾಲುವೆಯ ಕೊನೆಯಂಚಿನ ಹೊಲದವರಿಗೆ ಅರ್ಧ ಜಾಗ ಕೊಡಿ. ತೀರ್ಮಾನ ಗ್ರಾಮಸಭೆಯ ನಡಾವಳಿಯಲ್ಲಿ ಬರಲಿ, ಸಂಸ್ಥೆಯ ಲೆಟರ್‌ಹೆಡ್‌ನಲ್ಲಿ ಬೇಡ. ಅಚ್ಚುಕಟ್ಟು 40 ಹೆಕ್ಟೇರ್ (ಸುಮಾರು 100 ಎಕರೆ) ದಾಟಿದರೆ ಕೆರೆ ಸಣ್ಣ ನೀರಾವರಿ ಇಲಾಖೆಗೆ ಸೇರುತ್ತದೆ; ನಿಮ್ಮದು 150 ಎಕರೆ, ಹಾಗಾಗಿ ಅವರ ಲಿಖಿತ ಒಪ್ಪಿಗೆಯೂ ಬೇಕು.

ತೂಬು ಯಾಕೆ ಮುಚ್ಚುವುದಿಲ್ಲ ಎಂಬುದಕ್ಕೆ ನಿಮ್ಮ ಪತ್ರದಲ್ಲೇ ಸುಳಿವಿದೆ: "ಹೊಸ ಕಬ್ಬಿಣದ ಗೇಟು" ಎಂದಿದ್ದೀರಿ. ಹಳೆ ತೂಬಿನಲ್ಲಿ ಎರಡು ಕಲ್ಲುಕಂಬದ ನಡುವೆ ಮರದ ಬಿರಡೆ ಇರುತ್ತಿತ್ತು. ಸವೆದರೆ ಊರ ಬಡಗಿ ಇನ್ನೊಂದು ಕೆತ್ತಿಕೊಡುತ್ತಿದ್ದ. ಸ್ಕ್ರೂ ಗೇರಿನ ಶಟರ್ ಚೆನ್ನಾಗಿ ನಡೆಯುತ್ತದೆ, ಆದರೆ ವರ್ಷಕ್ಕೊಮ್ಮೆ ಗ್ರೀಸ್ ಬೇಕು. ಹೂಳು ಕೂತ ಶಟರನ್ನು ಇಬ್ಬರು ಸೇರಿ ಬಲವಂತವಾಗಿ ತಿರುಗಿಸಿದರೆ ಸರಳು ಬಾಗುತ್ತದೆ, ಸ್ಕ್ರೂವಿನ ಸುರುಳಿ ಸವೆಯುತ್ತದೆ, ಆಮೇಲೆ ಲೇತ್ ಇರುವ ಪೇಟೆಗೇ ಹೋಗಬೇಕು. ಸಂಸ್ಥೆಯವರು ಕಬ್ಬಿಣವನ್ನೇ ಹಾಕಿಸುವುದಾದರೆ ಒಂದು ಹೆಚ್ಚುವರಿ ಸರಳು, ನಟ್ಟು ಊರಲ್ಲೇ ಬಿಟ್ಟುಹೋಗಲಿ.

ಹೂಳು ತೆಗೆಯುವಾಗ ಆಗುವ ತಪ್ಪುಗಳು ಇನ್ನೂ ದುಬಾರಿ. ಗುತ್ತಿಗೆದಾರರು ಲಾರಿ ಸುಲಭವಾಗಿ ನಿಲ್ಲುವ ಏರಿಯ ಬುಡದಲ್ಲೇ ತೋಡುತ್ತಾರೆ. ಅಲ್ಲಿನ ಜೇಡಿ ಪದರ ಹೋದರೆ ನೀರು ಏರಿಯ ತಳದಲ್ಲಿ ದಾರಿ ಮಾಡಿಕೊಳ್ಳುತ್ತದೆ. ಏರಿಯ ಎತ್ತರದ ಐದು ಪಟ್ಟು ದೂರ ಬಿಟ್ಟು ಗೂಟ ಹೊಡೆಸಿ, ಅದರಾಚೆಗೇ ಯಂತ್ರ ಇಳಿಯಲಿ. ತೂಬಿನ ಹೊಸ್ತಿಲಿಗಿಂತ ಕೆಳಗೆ ತೋಡಿದ ಗುಂಡಿಯ ನೀರು ದನಕ್ಕೆ, ಅಂತರ್ಜಲಕ್ಕೆ ಸರಿ, ಕಾಲುವೆಗೆ ಹರಿಯುವುದಿಲ್ಲ. "ಇಷ್ಟು ಕೋಟಿ ಲೀಟರ್ ಹೆಚ್ಚಾಯಿತು" ಎಂದು ಫಲಕ ಬರೆಯುವ ಮುನ್ನ ಅದರಲ್ಲಿ ಹೊಸ್ತಿಲ ಮೇಲಿನದೆಷ್ಟು ಎಂದು ಕೇಳಿ. ಒಂದು ಎಕರೆಯಲ್ಲಿ ಒಂದು ಮೀಟರ್ ತೆಗೆದರೆ ಸುಮಾರು 40 ಲಕ್ಷ ಲೀಟರ್ ಜಾಗ. ಲೆಕ್ಕ ನೀವೇ ಹಾಕಬಹುದು. ಕೋಡಿಯ ಎತ್ತರವನ್ನು ಮಾತ್ರ ಒಂದು ಅಂಗುಲವೂ ಮುಟ್ಟಲು ಬಿಡಬೇಡಿ. ಏರಿಸಿದರೆ ಮೇಲಿನವರ ಹೊಲ ಮುಳುಗುತ್ತದೆ, ಇಳಿಸಿದರೆ ಅಂಗಳ ಒತ್ತುವರಿಯಾಗುತ್ತದೆ.

ತೆಗೆದ ಹೂಳು, ಅಂದರೆ ಗೋಡು ಮಣ್ಣು, ರೈತರ ಹೊಲಕ್ಕೇ ಹೋಗಬೇಕು. ಇಟ್ಟಿಗೆ ಗೂಡಿಗೆ ಮಾರಲು ಬಿಟ್ಟರೆ ಅವರು ಒಳ್ಳೆಯ ಜೇಡಿ ಇರುವಲ್ಲಿ ಬಾವಿಯಂತೆ ತೋಡುತ್ತಾರೆ, ಮಳೆಗಾಲದಲ್ಲಿ ಆ ಗುಂಡಿ ಮಕ್ಕಳ ಪ್ರಾಣಕ್ಕೆ ಎರವು. ಒಂದು ಎಕರೆಗೆ ಒಂದು ಅಂಗುಲ ದಪ್ಪ ಹರಡಲು ಸುಮಾರು 100 ಘನ ಮೀಟರ್ ಮಣ್ಣು ಬೇಕು. ಟ್ರೈಲರ್ 3 ಘನ ಮೀಟರ್ ಹಿಡಿದರೆ 34 ಲೋಡು. ಮರಳು ಬೆರೆತ ಕೆಂಪು ಹೊಲಕ್ಕೆ ಇದು ಬಂಗಾರ, ಎರೆ ಹೊಲಕ್ಕೆ ಬೇಡ. ಮೊದಲು ಮಣ್ಣು ಪರೀಕ್ಷೆಯಲ್ಲಿ ಲವಣಾಂಶ ನೋಡಿಸಿ. ಪಟ್ಟಣದ ಚರಂಡಿ ಸೇರುವ ಕೆರೆಯಾದರೆ ಹೊಲಕ್ಕೆ ಹಾಕಲೇಬೇಡಿ.

ಶಾಲೆಯ ಬಗ್ಗೆ ನಿಮ್ಮ ಮಾತನ್ನು ನಾವು ಒಪ್ಪುವುದಿಲ್ಲ. ಮಕ್ಕಳು ಕಾರ್ಡು ಹಿಡಿದು ಮೆಟ್ಟಿಲು ಮೆಟ್ಟಿಲಾಗಿ ತಮ್ಮ ವೇಗದಲ್ಲಿ ಕಲಿಯುವ ನಲಿ-ಕಲಿ ಪದ್ಧತಿ ಬಂದದ್ದೂ ಹೊರಗಿನಿಂದಲೇ. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನ ಸರ್ಕಾರಿ ಶಾಲಾ ಶಿಕ್ಷಕರು ಯುನಿಸೆಫ್ ನೆರವಿನಲ್ಲಿ ಆಂಧ್ರದ ರಿಷಿವ್ಯಾಲಿಗೆ ಹೋಗಿ ಅಲ್ಲಿನ ಕಾರ್ಡು, ಕಲಿಕಾ ಏಣಿ ನೋಡಿ ಬಂದರು. ನೋಡಿದ್ದನ್ನು ಹಾಗೇ ತರಲಿಲ್ಲ. ತಮ್ಮ ಮಕ್ಕಳ ಮಾತು, ಹಾಡು, ಆಟ ಹಾಕಿ ಕಾರ್ಡುಗಳನ್ನು ತಾವೇ ಬರೆದರು. ಏಣಿಯ ಯಾವ ಮೆಟ್ಟಿಲು ಯಾಕಿದೆ ಎಂದು ಬರೆದವರಿಗೆ ಗೊತ್ತಿದ್ದುದರಿಂದ ಕಾರ್ಡು ಹರಿದರೆ ಇನ್ನೊಂದು ಬರೆದುಕೊಳ್ಳುತ್ತಿದ್ದರು. 2009ರ ನಂತರ ಅದು ರಾಜ್ಯಕ್ಕೆಲ್ಲ ಹರಡಿ, ಕಾರ್ಡು ಅಚ್ಚಾಗಿ ಪೆಟ್ಟಿಗೆಯಲ್ಲಿ ಬರತೊಡಗಿತು. ಪೆಟ್ಟಿಗೆಯಲ್ಲಿ ಬಂದ ಕಾರ್ಡು ಕಳೆದರೆ ಮಗುವಿನ ಏಣಿಯಲ್ಲೊಂದು ಮೆಟ್ಟಿಲೇ ಇಲ್ಲ. ತರಬೇತಾದ ಮೇಷ್ಟ್ರು ವರ್ಗವಾದರೆ ಐದು ಗುಂಪಾಗಿ ಕೂತು ಕಲಿಯುತ್ತಿದ್ದ ಮಕ್ಕಳು ಮತ್ತೆ ಸಾಲು ಬೆಂಚಿಗೆ ಮರಳುತ್ತಾರೆ. ಮರದ ಬಿರಡೆಗೂ ಕಬ್ಬಿಣದ ಶಟರಿಗೂ ಇರುವ ಅಂತರವೇ ಇಲ್ಲೂ ಇದೆ.

ಕೊನೆಗೆ ನೀರುಗಂಟಿಯ ಸಂಬಳ. ಅಚ್ಚುಕಟ್ಟು 150 ಎಕರೆ ಎಂದು ಬರೆದಿದ್ದೀರಿ. ಎಕರೆಗೆ ವರ್ಷಕ್ಕೆ 400 ರೂಪಾಯಿ ಎತ್ತಿದರೆ 60,000. ತೂಬಿನ ಕೆಲಸ ಇರುವ ಆರು ತಿಂಗಳಿಗೆ ಭಾಗಿಸಿದರೆ ತಿಂಗಳಿಗೆ 10,000. ಯಾವ ಜಾತಿಯವರಾದರೂ ಅರ್ಜಿ ಹಾಕಲಿ, ಹೆಣ್ಣುಮಕ್ಕಳೂ ಹಾಕಲಿ. ಮೀನು ಹರಾಜಿನ ಹಣವನ್ನು ಇದಕ್ಕೆ ನೆಚ್ಚಬೇಡಿ. ಮೀನಿನ ಗುತ್ತಿಗೆದಾರರಿಗೆ ನೀರು ನಿಂತಿರಬೇಕು, ಬೆಳೆಗೆ ಹರಿಯಬೇಕು, ಎರಡೂ ಕಡೆಯ ಜಗಳ ನೀರುಗಂಟಿಯ ತಲೆಗೆ ಬರುತ್ತದೆ. ಮೊದಲ ವರ್ಷದ ಹಣ ಪಂಚಾಯಿತಿ ಖಾತೆಗೆ ಬಿದ್ದ ರಸೀದಿ ನೋಡಿದ ಮೇಲೆ ಜೆಸಿಬಿ ಇಳಿಸಲು ಒಪ್ಪಿ. ಮಾರ್ಚ್ ಹೊತ್ತಿಗೆ ಅಂಗಳ ಒಣಗಿ ತೂಬಿನ ಹೊಸ್ತಿಲು ಕಾಣುತ್ತದೆ. ಆಗ ಇಬ್ಬರು ಹಿರಿಯರು, ಇಬ್ಬರು ಹುಡುಗರು ಲೆವೆಲ್ ಪೈಪು ಹಿಡಿದು ಹೊಸ್ತಿಲಿನಿಂದ ಕೋಡಿಯವರೆಗಿನ ಎತ್ತರ ಅಳೆದು ಬರೆದಿಡಲಿ, ಸಂಸ್ಥೆಯ ಇಂಜಿನಿಯರ್ ಅಳೆಯುವ ಮುಂಚೆಯೇ.

— ಸಂಪಾದಕ