ದಿನಸಿ ಗೋಡೌನಿನಲ್ಲಿ ಲೋಡಿಂಗ್ ತಡ: ಜೋಡಣೆ ಬದಲಿಸಿ ನೋಡಿ

ಅಂಗಡಿಗಳಿಗೆ ದಿನಸಿ ಒಯ್ಯುವ ನಿಮ್ಮ ಗಾಡಿಗಳು ಹೊರಡುವಾಗ ಬೆಳಗ್ಗೆ 11 ಗಂಟೆ ದಾಟುತ್ತದೆ, ಇನ್ನೊಂದು ಗೋಡೌನ್ ಹಿಡಿಯಲೇ ಎಂದು ಕೇಳಿದ್ದೀರಿ. ಈ ತಡಕ್ಕೆ ಸರಕನ್ನು ಕಂಪನಿವಾರು ಜೋಡಿಸಿರುವುದೇ ಕಾರಣ ಇರಬೇಕು. ಒಂದೊಂದು ಬಿಲ್ಲಿಗೂ ಹುಡುಗರು ಇಡೀ ಗೋಡೌನ್ ಸುತ್ತುತ್ತಾರೆ. ಇನ್ನೊಂದು ಗೋಡೌನ್ ಬಾಡಿಗೆಗೆ ಹಿಡಿಯುವ ಮುನ್ನ ಇದನ್ನು ಸರಿಮಾಡಿ ನೋಡಿ.

ಮೊದಲು ಮೂರು ತಿಂಗಳ ಬಿಲ್ಲುಗಳನ್ನು ಟ್ಯಾಲಿ ಎಂಬ ಲೆಕ್ಕದ ಸಾಫ್ಟ್‌ವೇರಿನಿಂದ ತೆಗೆದು, ಯಾವ ಐಟಂ ಎಷ್ಟು ಬಿಲ್ಲುಗಳಲ್ಲಿದೆ ಎಂದು ಎಣಿಸಿ. ಎಷ್ಟು ಬಾಕ್ಸ್ ಹೋಯಿತು ಅನ್ನುವುದಕ್ಕಿಂತ ಎಷ್ಟು ಸಲ ಕೈ ಹಾಕಬೇಕಾಯಿತು ಅನ್ನುವುದು ಮುಖ್ಯ. ಬಹಳ ಮಂದಿ ಎಡವುವುದು ಇಲ್ಲೇ. ಹೆಚ್ಚು ಸಲ ಬಂದವು ಶಟರ್ ಹತ್ತಿರ, ಸೊಂಟದಿಂದ ಭುಜದೆತ್ತರದೊಳಗೆ ಇರಲಿ. ಎಣ್ಣೆ ಡಬ್ಬದಂಥ ಭಾರದವು ಕೆಳಗೆ.

ಆಮೇಲೆ ಶಟರ್ ಎದುರು ರೂಟಿಗೊಂದು ಚೌಕ ಬಣ್ಣದಲ್ಲಿ ಗುರುತಿಸಿ, ಹಿಂದಿನ ಸಂಜೆಯೇ ಆಯಾ ರೂಟಿನ ಮಾಲು ಅದರಲ್ಲಿ ತೆಗೆದಿಡಿಸಿ. ಕೊನೆಗೆ ಇಳಿಸುವ ಅಂಗಡಿಯ ಮಾಲು ಗಾಡಿಗೆ ಮೊದಲು ಹೋಗಬೇಕು.

ಶಟರ್ ಒಂದೋ ಎರಡೋ ನೀವು ಬರೆದಿಲ್ಲ. ಒಂದೇ ಆದರೆ, ಬೆಳಗ್ಗೆ ಅದು ನಿಮ್ಮ ಗಾಡಿಗಳಿಗೆ ಖಾಲಿ ಸಿಗುವಂತೆ, ಸರಕು ತರುವ ಕಂಪನಿ ಲಾರಿಗಳಿಗೆ ಮಧ್ಯಾಹ್ನದ ಸಮಯ ಕೊಡಿ.