ಆಲ್ ಬ್ಲ್ಯಾಕ್ಸ್ ದಣಿದು ಬರುತ್ತಾರೆಂದು ನಿಮಗೆ ಹೇಳಿದವರು ಯಾರು?

ಹದಿನಾರು ವರ್ಷ ಐರ್ಲೆಂಡಿನ ಕೆಳದರ್ಜೆಯ ಕ್ಲಬ್ ರಗ್ಬಿ ಪಂದ್ಯಗಳಲ್ಲಿ ಸೀಟಿ ಊದಿದವನು ನಾನು. ಕೆಸರಿನಲ್ಲಿ ಓಡಿ ಮಂಡಿ ಸವೆಯಿತು, ಬೈಗುಳ ಕೇಳಿ ಕಿವಿ ಪಳಗಿತು, ತಾಳ್ಮೆ ಮಾತ್ರ ಬೆಳೆಯಲಿಲ್ಲ. ದಕ್ಷಿಣ ಗೋಳಾರ್ಧದ ತಂಡಗಳು ನವೆಂಬರಿನಲ್ಲಿ ಯುರೋಪಿಗೆ ಬರುವ ಪ್ರವಾಸದ ಬಗ್ಗೆ ಬರುವ ಪತ್ರಗಳನ್ನು ಬಿಚ್ಚಿದಾಗಲೆಲ್ಲ ಇದು ನನಗೇ ಗೊತ್ತಾಗುತ್ತದೆ. ಬರೆದವರ ಊರು ಬೇರೆ, ಪ್ರಶ್ನೆ ಅದೇ. ಒಮ್ಮೆ ಉತ್ತರಿಸಿ ಮುಗಿಸೋಣ ಎಂದು ಕೂತಿದ್ದೇನೆ. ಸ್ಕ್ರಮ್ ಎಂದರೇನು, ಟ್ರೈಗೆ ಎಷ್ಟು ಅಂಕ ಎಂಬುದೆಲ್ಲ ಇಲ್ಲಿ ಸಿಗುವುದಿಲ್ಲ. ಎರಡು ಪಂದ್ಯ ನೋಡಿ, ತಾನಾಗಿ ಗೊತ್ತಾಗುತ್ತದೆ.

ಪ್ರಶ್ನೆ: ಈ ವರ್ಷ ನವೆಂಬರಿನಲ್ಲಿ ಯಾರು ಗೆಲ್ಲುತ್ತಾರೆ, ಎಷ್ಟು ಅಂತರದಲ್ಲಿ? ಟೆಲಿಗ್ರಾಮಿನಲ್ಲಿ ಒಬ್ಬರು ದುಡ್ಡು ಕೊಟ್ಟರೆ ಖಚಿತವಾಗಿ ಹೇಳುತ್ತಾರಂತೆ.

ಉತ್ತರ: ಖಚಿತವಾಗಿ ಗೊತ್ತಿರುವವನು ತಾನೇ ಬಾಜಿ ಕಟ್ಟಿ ಮನೆ ಕಟ್ಟಿಸಿಕೊಳ್ಳುತ್ತಾನೆ, ನಿಮ್ಮ ಐನೂರು ರೂಪಾಯಿಗೆ ಕೈಯೊಡ್ಡುವುದಿಲ್ಲ. ಮುಂದಿನ ಪತ್ರ.

ಪ್ರಶ್ನೆ: ಸರ್, ಡಬ್ಲಿನ್‌ಗೆ ಬಂದು ಒಂಬತ್ತು ವರ್ಷವಾಯಿತು, ಈಗ ನಾನು ಪಕ್ಕಾ ಐರ್ಲೆಂಡ್ ಅಭಿಮಾನಿ. ದಕ್ಷಿಣದವರು ಫೆಬ್ರವರಿಯಿಂದ ಆಡಿ ಆಡಿ ನವೆಂಬರ್ ಹೊತ್ತಿಗೆ ಸುಸ್ತಾಗಿರುತ್ತಾರೆ, ನಮ್ಮವರು ಆಗಷ್ಟೇ ಸೀಸನ್ ಶುರು ಮಾಡಿರುತ್ತಾರೆ. 2016ರಿಂದ ಆಲ್ ಬ್ಲ್ಯಾಕ್ಸ್ (ನ್ಯೂಜಿಲೆಂಡ್ ತಂಡ) ಮೇಲೆ ಐದು ಸಲ ಗೆದ್ದಿದ್ದೇವೆ. ಹಾಗಿದ್ದೂ 2024ರಲ್ಲಿ ಡಬ್ಲಿನ್‌ನಲ್ಲಿ 13-23, 2025ರಲ್ಲಿ ಷಿಕಾಗೊದಲ್ಲಿ 13-26ರ ಸೋಲು. ಅದು ಸಾಲದೆಂದು ದಕ್ಷಿಣ ಆಫ್ರಿಕಾ ನಮ್ಮ ಮನೆಗೇ ಬಂದು 24-13ರಿಂದ ಬಾರಿಸಿ ಹೋಯಿತು. ಪ್ರವಾಸಿ ತಂಡದ ಮೇಲೆ ಗೆಲುವು ನಿರೀಕ್ಷಿಸುವುದೇ ತಪ್ಪಾ?

ಉತ್ತರ: ನಿರೀಕ್ಷೆ ತಪ್ಪಲ್ಲ. ಅದಕ್ಕೆ ನೀವು ಕೊಟ್ಟ ಕಾರಣ ತಪ್ಪು.

ದಣಿವಿನ ಈ ಕಥೆಯನ್ನು ಪಬ್ಬಿನಲ್ಲಿ ಕೇಳಿದ್ದೀರಿ. ನಾನೂ ಅಲ್ಲೇ ಕೇಳಿದ್ದು, ಒಂದಷ್ಟು ವರ್ಷ ನಂಬಿದ್ದೂ ಉಂಟು. ಈಗ ಲೆಕ್ಕ ಹಾಕಿ. ದಕ್ಷಿಣದ ಕ್ಲಬ್ ಲೀಗ್ ಸೂಪರ್ ರಗ್ಬಿ ಫೆಬ್ರವರಿಯಿಂದ ಜೂನ್‌ವರೆಗೆ, ಜುಲೈನಲ್ಲಿ ದೇಶ ದೇಶಗಳ ನಡುವಿನ ಟೆಸ್ಟ್‌ಗಳು, ಆಮೇಲೆ ದಕ್ಷಿಣದ ನಾಲ್ಕು ದೇಶಗಳ ರಗ್ಬಿ ಚಾಂಪಿಯನ್‌ಶಿಪ್. ನ್ಯೂಜಿಲೆಂಡ್ ವಿಮಾನ ಹತ್ತುವ ಹೊತ್ತಿಗೆ ಒಂಬತ್ತು ಹತ್ತು ಟೆಸ್ಟ್ ಆಡಿರುತ್ತದೆ. ಇದನ್ನು ನೀವು ದಣಿವು ಎನ್ನುತ್ತೀರಿ. ಅದೇ ಹತ್ತು ಟೆಸ್ಟ್‌ಗಳಲ್ಲಿ ಲೈನ್‌ಔಟ್ (ಅಂಚಿನಿಂದ ಚೆಂಡು ಎಸೆಯುವಾಗಿನ) ಕರೆಗಳು ಬಾಯಿಪಾಠವಾಗಿರುತ್ತವೆ, ಆಟ ನಡೆಸುವ ಒಂಬತ್ತು ಮತ್ತು ಹತ್ತನೇ ನಂಬರಿನವರು ಒಬ್ಬರ ಮುಖ ಒಬ್ಬರು ನೋಡದೆ ಚೆಂಡು ದಾಟಿಸುವಷ್ಟು ಪಳಗಿರುತ್ತಾರೆ. ಅದನ್ನೇಕೆ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ?

ಇನ್ನು ನಿಮ್ಮ "ತಾಜಾ" ಐರ್ಲೆಂಡ್. 2025ರ ಬೇಸಿಗೆಯಲ್ಲಿ ಮುಖ್ಯ ಆಟಗಾರರಲ್ಲಿ ಬಹಳಷ್ಟು ಜನ ಬ್ರಿಟನ್-ಐರ್ಲೆಂಡಿನ ಜಂಟಿ ತಂಡವಾದ ಲಯನ್ಸ್ ಜೊತೆ ಆಸ್ಟ್ರೇಲಿಯಾದಲ್ಲಿದ್ದರು, ಕೋಚ್ ಆಂಡಿ ಫ್ಯಾರೆಲ್ ಕೂಡ ಅಲ್ಲೇ. ಜಾರ್ಜಿಯಾ ಮತ್ತು ಪೋರ್ಚುಗಲ್‌ಗೆ ಹೋದದ್ದು ಉಳಿದವರ ತಂಡ. ಮುಖ್ಯ ತಂಡ ಐರ್ಲೆಂಡ್ ಜೆರ್ಸಿ ಹಾಕಿ ಕೊನೆಯ ಸಲ ಒಟ್ಟಿಗೆ ಆಡಿದ್ದು ಮಾರ್ಚ್ ಮಧ್ಯದಲ್ಲಿ, ಯುರೋಪಿನ ಆರು ದೇಶಗಳ ಸಿಕ್ಸ್ ನೇಷನ್ಸ್‌ನಲ್ಲಿ. ಷಿಕಾಗೊ ಪಂದ್ಯ ನವೆಂಬರ್ 1ಕ್ಕೆ. ನಡುವೆ ಏಳು ತಿಂಗಳಿಗೂ ಹೆಚ್ಚು. ಇದನ್ನು ವಿಶ್ರಾಂತಿ ಎನ್ನುವವರು ಏಳು ತಿಂಗಳು ಮುಟ್ಟದ ವೀಣೆಯನ್ನು ಶ್ರುತಿ ಮಾಡದೆ ಕಛೇರಿಗೆ ಕೂರಲಿ, ನೋಡೋಣ.

ದಕ್ಷಿಣ ಆಫ್ರಿಕಾದ ವಿಷಯದಲ್ಲಂತೂ ಈ ಕಥೆಗೆ ಕಾಲೇ ಇಲ್ಲ. ಅವರ ನಾಲ್ಕು ದೊಡ್ಡ ತಂಡಗಳಾದ ಬುಲ್ಸ್, ಸ್ಟಾರ್ಮರ್ಸ್, ಶಾರ್ಕ್ಸ್, ಲಯನ್ಸ್ (ಇದು ಅವರದೇ ಬೇರೆ ಲಯನ್ಸ್) 2021ರಿಂದ ಐರಿಶ್ ಪ್ರಾಂತ್ಯಗಳ ತಂಡಗಳ ಜೊತೆಗೇ ಯುನೈಟೆಡ್ ರಗ್ಬಿ ಚಾಂಪಿಯನ್‌ಶಿಪ್ ಆಡುತ್ತಿವೆ. ಆಟಗಾರರಲ್ಲಿ ಹಲವರು ಯುರೋಪ್ ಮತ್ತು ಜಪಾನಿನ ಕ್ಲಬ್‌ಗಳಲ್ಲಿದ್ದಾರೆ. ಅವರಿಗೆ ದಕ್ಷಿಣದ ಸೀಸನ್ ಎಂಬುದೇ ಉಳಿದಿಲ್ಲ. ನಿದ್ದೆಗೆಡುವ ಮಾತಿಗೆ ಬಂದರೆ, ಆಕ್ಲೆಂಡಿಗೂ ಡಬ್ಲಿನ್‌ಗೂ ನವೆಂಬರಿನಲ್ಲಿ 13 ಗಂಟೆ ವ್ಯತ್ಯಾಸ. ಜೋಹಾನ್ಸ್‌ಬರ್ಗಿಗೆ ಬರೀ ಎರಡು. "ದಕ್ಷಿಣದ ತಂಡಗಳು" ಎಂದು ಎಲ್ಲರನ್ನೂ ಒಂದೇ ಮೂಟೆಗೆ ತುಂಬಿದರೆ ಲೆಕ್ಕ ಅಲ್ಲಿಗೇ ಕೆಟ್ಟಿತು.

ಕಾಡುವ ಎರಡನೆಯ ವಿಷಯ ನೀವು ಎಣಿಸಿದ ಆ ಐದು ಗೆಲುವು. ನಿಜ, ಐದು. 1905ರ ಮೊದಲ ಪಂದ್ಯದಿಂದ 111 ವರ್ಷ ಕಾದು 2016ರಲ್ಲಿ ಷಿಕಾಗೊದಲ್ಲಿ 40-29. ಆ ದಿನ ನಾನೂ ಅತ್ತಿದ್ದೇನೆ, ಸುಳ್ಳೇಕೆ ಹೇಳಲಿ. ಆದರೆ ಎರಡು ವಾರ ಕಳೆದು ಅದೇ ಆಲ್ ಬ್ಲ್ಯಾಕ್ಸ್ ಡಬ್ಲಿನ್‌ಗೆ ಬಂದು 21-9ರಿಂದ ಸೋಲಿಸಿ ಹೋದದ್ದು ನಿಮ್ಮ ಪತ್ರದಲ್ಲಿಲ್ಲ. ಈ ಮರೆವು ಹೊಸದೇನಲ್ಲ. 1978ರ ಅಕ್ಟೋಬರ್ 31ರ ಮಂಗಳವಾರ ಲಿಮರಿಕ್‌ನ ಥಾಮಂಡ್ ಪಾರ್ಕ್‌ನಲ್ಲಿ ಮನ್‌ಸ್ಟರ್ ಪ್ರಾಂತ್ಯ ಆಲ್ ಬ್ಲ್ಯಾಕ್ಸ್ ತಂಡವನ್ನು 12-0ಯಿಂದ ಮಣಿಸಿತು. ಆ ಪಂದ್ಯ ನೋಡಿದ್ದೆ ಎನ್ನುವವರನ್ನೆಲ್ಲ ಸೇರಿಸಿದರೆ ಥಾಮಂಡ್ ಪಾರ್ಕ್ ಹತ್ತು ಬೇಕು. ಅದೇ ವಾರದ ಶನಿವಾರ ಐರ್ಲೆಂಡ್ ಅವರೆದುರು 6-10ರಿಂದ ಸೋತದ್ದನ್ನು ನೋಡಿದ್ದೆ ಎನ್ನುವ ಒಬ್ಬರೂ ನನಗೆ ಸಿಕ್ಕಿಲ್ಲ. ಆ ಪ್ರವಾಸದಲ್ಲಿ ನ್ಯೂಜಿಲೆಂಡ್ ಸೋತದ್ದು ಮನ್‌ಸ್ಟರ್‌ಗೆ ಮಾತ್ರ. ಐರ್ಲೆಂಡ್, ವೇಲ್ಸ್, ಇಂಗ್ಲೆಂಡ್, ಸ್ಕಾಟ್ಲೆಂಡ್ ನಾಲ್ಕನ್ನೂ ಸೋಲಿಸಿ ತಮ್ಮ ಮೊದಲ ಗ್ರ್ಯಾಂಡ್ ಸ್ಲ್ಯಾಮ್ ಗೆದ್ದುಕೊಂಡೇ ಮನೆಗೆ ಹೋದರು.

ನನ್ನ ಅವಮಾನವನ್ನೂ ಹೇಳಿಬಿಡುತ್ತೇನೆ, ನನ್ನ ಎಚ್ಚರಿಕೆಯ ಬುದ್ಧಿ ಎಲ್ಲಿಂದ ಬಂತೆಂದು ತಿಳಿಯಲಿ. 2018ರ ನವೆಂಬರಿನಲ್ಲಿ ಡಬ್ಲಿನ್‌ನಲ್ಲಿ 16-9ರಿಂದ ಗೆದ್ದಾಗ, ಮುಂದಿನ ವರ್ಷದ ವಿಶ್ವಕಪ್ ನಮ್ಮದೇ ಎಂದು ಸಿಕ್ಕಸಿಕ್ಕವರಿಗೆಲ್ಲ ಹೇಳಿಕೊಂಡು ತಿರುಗಿದೆ. ಕೂಸು ಹುಟ್ಟುವ ಮುಂಚೆ ಕುಲಾವಿ. 2019ರ ಅಕ್ಟೋಬರಿನಲ್ಲಿ ಟೋಕಿಯೊ ಕ್ವಾರ್ಟರ್ ಫೈನಲ್ ನಮಗೆ ಶನಿವಾರ ಬೆಳಗಿನ ಹೊತ್ತು. ಕನ್ನಡದ ನಾಲ್ಕು ಮನೆಯವರನ್ನು ಕರೆದು ಉಪ್ಪಿಟ್ಟು, ಕೇಸರಿಬಾತ್ ಮಾಡಿಸಿದ್ದೆ. ಅರ್ಧ ಆಟಕ್ಕೆ 22-0. ಕೊನೆಗೆ 46-14. ಕೇಸರಿಬಾತ್ ಹಾಗೇ ಉಳಿಯಿತು, ಇವತ್ತಿಗೂ ಆ ಮನೆಯವರು ಸಿಕ್ಕರೆ ಮೊದಲು ಕೇಳುವುದು ಅದನ್ನೇ. ಅಂದಿನಿಂದ ನವೆಂಬರ್ ಗೆಲುವನ್ನು ನಾನು ನವೆಂಬರಿಗಷ್ಟೇ ನಂಬುತ್ತೇನೆ.

ಹಾಗಾದರೆ ನಿರೀಕ್ಷೆ ಯಾವುದರ ಮೇಲೆ ಇಡಬೇಕು? ಮೊದಲನೆಯದು, ಮನೆಯಂಗಳಕ್ಕೆ ಬೆಲೆ ಇದೆ, ಆದರೆ ನೀವು ಅಂದುಕೊಂಡಷ್ಟಿಲ್ಲ. ವಿಶ್ವ ರ‍್ಯಾಂಕಿಂಗ್ ಲೆಕ್ಕದಲ್ಲಿ ಆತಿಥೇಯ ತಂಡಕ್ಕೆ ಇರುವುದಕ್ಕಿಂತ 3 ಅಂಕ ಹೆಚ್ಚೇ ಇದೆ ಎಂದುಕೊಂಡು ಫಲಿತಾಂಶ ತೂಗುತ್ತಾರೆ. ಆ 3 ಸೇರಿಸಿದ ಮೇಲೂ ಎದುರಾಳಿಯೇ ಮೇಲಿದ್ದರೆ, ನೀವು ಬಯಸುತ್ತಿರುವುದು ಅಚ್ಚರಿಯ ಗೆಲುವು. ಅಚ್ಚರಿಯನ್ನು ಬಯಸಿ, ಬೇಡ ಅನ್ನುವುದಿಲ್ಲ. ಬರಲಿಲ್ಲವೆಂದು ಕೋಚ್‌ನನ್ನು ಕಿತ್ತುಹಾಕಿ ಎಂದು ಮಾತ್ರ ನನಗೆ ಬರೆಯಬೇಡಿ.

ಎರಡನೆಯದು, ಜೆರ್ಸಿಯ ಬಣ್ಣ ನೋಡಬೇಡಿ, ಪಂದ್ಯಕ್ಕೆ ಎರಡು ಮೂರು ದಿನ ಮುಂಚೆ ಬರುವ 23 ಹೆಸರಿನ ಪಟ್ಟಿ ನೋಡಿ. ನನ್ನ ಕಣ್ಣು ಮೊದಲು ಹೋಗುವುದು 16, 17, 18ಕ್ಕೆ, ಅಂದರೆ ಬದಲಿ ಆಟಗಾರರ ಬೆಂಚಿನಲ್ಲಿರುವ, ಸ್ಕ್ರಮ್ಮಿನ ಮುಂಸಾಲಿನವರಿಗೆ. ಕೊನೆಯ ಇಪ್ಪತ್ತು ನಿಮಿಷ ಅವರದು. 2025ರಲ್ಲಿ ಸ್ಕಾಟ್ಲೆಂಡ್ 0-17ರಿಂದ ಎದ್ದು ಬಂದು 17-17 ಮಾಡಿ ಎಡಿನ್‌ಬರೊ ಕ್ರೀಡಾಂಗಣವನ್ನೇ ಕುಣಿಸಿತು. ಆಮೇಲೆ ನ್ಯೂಜಿಲೆಂಡ್ ಬೆಂಚಿನಿಂದ ಬಂದ ಡೇಮಿಯನ್ ಮೆಕೆಂಜಿ ಆಟ ಮುಗಿಸಿಕೊಟ್ಟ, 25-17. ಸ್ಕಾಟ್ಲೆಂಡ್ ನ್ಯೂಜಿಲೆಂಡ್ ವಿರುದ್ಧ ಇವತ್ತಿನವರೆಗೂ ಒಂದೇ ಒಂದು ಸಲ ಗೆದ್ದಿಲ್ಲ. ವೇಲ್ಸ್ ಕೊನೆಯ ಸಲ ಗೆದ್ದದ್ದು 1953ರಲ್ಲಿ. ಅವರ ಅಭಿಮಾನಿಗಳು ಪ್ರತಿ ಪ್ರವಾಸಕ್ಕೂ ಟಿಕೆಟ್ ಕೊಳ್ಳುತ್ತಾರೆ, ಹಾಡುತ್ತಾರೆ, ಸೋತು ಮನೆಗೆ ಹೋಗುತ್ತಾರೆ. ಅವರಿಂದ ನನಗೆ ಇಂಥ ಪತ್ರ ಬರುವುದಿಲ್ಲ. ಹತ್ತು ವರ್ಷ ಗೆಲುವಿನ ರುಚಿ ಕಂಡ ಡಬ್ಲಿನ್‌ನಿಂದ ಮಾತ್ರ ಬರುತ್ತದೆ.

ಮೂರನೆಯದು, ಪ್ರವಾಸದ ಎಷ್ಟನೇ ವಾರ ಎಂದು ನೋಡಿ. ದಣಿವು ಎಂಬುದೇನಾದರೂ ಇದ್ದರೆ ಅದು ಫೆಬ್ರವರಿಯಿಂದ ಹೊತ್ತು ತಂದದ್ದಲ್ಲ, ವಾರಕ್ಕೊಂದು ಊರು, ವಾರಕ್ಕೊಂದು ಟೆಸ್ಟ್ ಎಂದು ಓಡಾಡಿ ಗಳಿಸಿಕೊಂಡದ್ದು. 2024ರಲ್ಲಿ ನ್ಯೂಜಿಲೆಂಡ್ ಇಂಗ್ಲೆಂಡನ್ನು 24-22ರಿಂದಲೂ ಐರ್ಲೆಂಡನ್ನು 23-13ರಿಂದಲೂ ಸೋಲಿಸಿ, ಮೂರನೇ ವಾರ ಪ್ಯಾರಿಸ್‌ನಲ್ಲಿ 29-30ರಿಂದ ಎಡವಿತು. 2025ರಲ್ಲಿ ಷಿಕಾಗೊ, ಎಡಿನ್‌ಬರೊ ಗೆದ್ದು ಮೂರನೇ ವಾರ ಲಂಡನ್‌ನಲ್ಲಿ 19-33ರಿಂದ ಸೋತಿತು. ಹಾಗೆಂದು "ಮೂರನೇ ವಾರದ ಸೂತ್ರ" ಎಂದು ಯಾರಿಗಾದರೂ ಮಾರಾಟಕ್ಕಿಟ್ಟೀರಿ, ಜೋಕೆ! ಎರಡು ವರ್ಷದ್ದು ಶಾಸ್ತ್ರವಾಗುವುದಿಲ್ಲ. ಅಷ್ಟಕ್ಕೂ ನಾಲ್ಕನೇ ವಾರ ಕಾರ್ಡಿಫ್‌ನಲ್ಲಿ ಅದೇ "ದಣಿದ" ತಂಡ 52 ಅಂಕ ಬಾರಿಸಿತು.

ಇನ್ನೊಂದು ಮಾತು, ಇದು ಹೊಸದು. 2026ರ ಜುಲೈನಿಂದ ನೇಷನ್ಸ್ ಚಾಂಪಿಯನ್‌ಶಿಪ್ ಶುರು. ಉತ್ತರದ ಆರು, ದಕ್ಷಿಣದ ನಾಲ್ಕರ ಜೊತೆ ಜಪಾನ್ ಮತ್ತು ಫಿಜಿ. ಜುಲೈನಲ್ಲಿ ಮೂರು ಪಂದ್ಯ, ನವೆಂಬರಿನಲ್ಲಿ ಮೂರು, ಕೊನೆಗೆ ಲಂಡನ್‌ನಲ್ಲಿ ಫೈನಲ್ ವಾರಾಂತ್ಯ. ಇಲ್ಲಿಯವರೆಗೆ ನವೆಂಬರ್ ಗೆಲುವಿಗೆ ಹೆಸರು ಮತ್ತು ರ‍್ಯಾಂಕಿಂಗ್ ಬಿಟ್ಟರೆ ಏನೂ ಸಿಗುತ್ತಿರಲಿಲ್ಲ, ಕೋಚ್‌ಗಳು ಹೊಸಬರನ್ನು ಇಳಿಸಿ ನೋಡುತ್ತಿದ್ದರು. ಈಗ ಪಾಯಿಂಟ್ ಪಟ್ಟಿ ಬಂದಿದೆ. ಆದರೆ 2027ರ ವಿಶ್ವಕಪ್ ಒಂದೇ ವರ್ಷ ದೂರ. ಗಾಯದ ಭಯವಿರುವ ಕೋಚ್ ಪಾಯಿಂಟ್ ನೋಡುತ್ತಾನೋ ತನ್ನ ಹತ್ತನೇ ನಂಬರಿನವನ ಮಂಡಿ ನೋಡುತ್ತಾನೋ? ಮಂಡಿಯನ್ನೇ ಎಂದು ನನ್ನ ಊಹೆ. ಆದ್ದರಿಂದ ಪಟ್ಟಿ ನೋಡದೆ ಗೆಳೆಯರ ಮುಂದೆ ತೊಡೆ ತಟ್ಟಬೇಡಿ.

ಪ್ರಶ್ನೆ: ದಕ್ಷಿಣ ಆಫ್ರಿಕಾ ಬೆಂಚಿನಲ್ಲಿ ಎಂಟರಲ್ಲಿ ಏಳು ಜನ ಫಾರ್ವರ್ಡ್‌ಗಳನ್ನು ಕೂರಿಸುವುದು ಮೋಸ ಅಲ್ಲವೇ?

ಉತ್ತರ: ಅಲ್ಲ. ಜೂಜು. ಇಬ್ಬರು ಬ್ಯಾಕ್‌ಗಳಿಗೆ, ಅಂದರೆ ಹಿಂದೆ ನಿಂತು ಓಡುವವರಿಗೆ, ಮೊದಲ ಅರ್ಧದಲ್ಲೇ ಪೆಟ್ಟಾದರೆ ಸ್ಕ್ರಮ್ಮಿನಲ್ಲಿ ತಳ್ಳುವ ಫ್ಲ್ಯಾಂಕರ್ ಒಬ್ಬ ಅಂಚಿನ ವಿಂಗ್‌ನಲ್ಲಿ ಓಡಬೇಕು. ಆ ಅಪಾಯವನ್ನು ಅವರ ಕೋಚ್ ರಾಸಿ ಎರಾಸ್ಮಸ್ ತಿಳಿದೇ ಮೈಮೇಲೆ ಎಳೆದುಕೊಳ್ಳುತ್ತಾರೆ. ಅದಕ್ಕೆ ಮದ್ದಿಲ್ಲ ಎನ್ನುವವರಿಗೆ: 2023ರ ವಿಶ್ವಕಪ್‌ನಲ್ಲಿ, ಪ್ಯಾರಿಸ್‌ನಲ್ಲಿ, ಅದೇ ಏಳು-ಒಂದರ ಬೆಂಚನ್ನು ಐರ್ಲೆಂಡ್ 13-8ರಿಂದ ಸೋಲಿಸಿದೆ. 2025ರಲ್ಲಿ ಡಬ್ಲಿನ್‌ನಲ್ಲಿ ಸೋತದ್ದು ಬೆಂಚಿನಿಂದಲ್ಲ, ಸ್ಕ್ರಮ್ ಕುಸಿದದ್ದರಿಂದ ಮತ್ತು ಕಾರ್ಡ್‌ಗಳಿಂದ. ಕಾರ್ಡ್ ತಿಂದು ಹೊರಗೆ ಹೋದವರನ್ನು ಬಿಟ್ಟರೆ ಒಂದು ಹಂತದಲ್ಲಿ ಮೈದಾನದಲ್ಲಿದ್ದ ನಮ್ಮವರು ಹನ್ನೆರಡೇ ಜನ. ರೆಫರಿಯನ್ನು ಬೈದು ಬರೆದ ಹನ್ನೊಂದು ಪತ್ರಗಳನ್ನು ನಾನು ಓದದೆ ಹರಿದಿದ್ದೇನೆ.

ಪ್ರಶ್ನೆ: ವೇಲ್ಸ್ ಕಾರ್ಡಿಫ್‌ನಲ್ಲಿ ದಕ್ಷಿಣ ಆಫ್ರಿಕಾಗೆ 0-73ರಿಂದ ಸೋತದ್ದು ನಾಚಿಕೆಗೇಡಲ್ಲವೇ?

ಉತ್ತರ: ಆ ಪಂದ್ಯ ನಡೆದದ್ದು 2025ರ ನವೆಂಬರ್ 29ಕ್ಕೆ, ಕ್ಲಬ್‌ಗಳು ಆಟಗಾರರನ್ನು ಬಿಟ್ಟುಕೊಡಲೇಬೇಕಾದ ಅವಧಿ ಮುಗಿದ ಮೇಲೆ. ಇಂಗ್ಲೆಂಡಿನ ಕ್ಲಬ್‌ಗಳಲ್ಲಿದ್ದ ವೇಲ್ಸ್ ಆಟಗಾರರು ಬರಲಾಗಲಿಲ್ಲ. ಎದುರಾಳಿಗೂ ಕೆಲವರು ಇರಲಿಲ್ಲ, ಆದರೆ ತುಂಬಿದ ಕಣಜದಿಂದ ಒಂದು ಮೂಟೆ ತೆಗೆದರೆ ಗೊತ್ತಾಗುವುದಿಲ್ಲ. ಟಿಕೆಟ್ ದುಡ್ಡಿಗಾಗಿ ಇಟ್ಟುಕೊಳ್ಳುವ ಇಂಥ ಹೆಚ್ಚುವರಿ ಪಂದ್ಯಗಳಿಗೆ ನಾನು ಹೋಗುವುದಿಲ್ಲ. ನಾಚಿಕೆ ಪಡಬೇಕಾದವರು ಆಡಿದ ಹುಡುಗರಂತೂ ಅಲ್ಲ.

ಪ್ರಶ್ನೆ: ಆಲ್ ಬ್ಲ್ಯಾಕ್ಸ್ ಪಂದ್ಯಕ್ಕೆ ಮುಂಚೆ ಹಾಕಾ ಎಂಬ ಮಾವೋರಿ ಕುಣಿತ ಮಾಡಿ ಎದುರಾಳಿಯನ್ನು ಹೆದರಿಸುವುದು ನ್ಯಾಯವೇ?

ಉತ್ತರ: ಹಾಕಾಗೆ ಹೆದರಿ ಸೋತ ತಂಡವನ್ನು ನಾನಂತೂ ನೋಡಿಲ್ಲ. 2016ರಲ್ಲಿ ಷಿಕಾಗೊದಲ್ಲಿ ಐರ್ಲೆಂಡ್ ಆಟಗಾರರು ಆಗಷ್ಟೇ ತೀರಿಕೊಂಡಿದ್ದ ಐರ್ಲೆಂಡಿನ ಹಳೆಯ ಆಟಗಾರ, ಮನ್‌ಸ್ಟರ್ ಕೋಚ್ ಆಂಥನಿ ಫೋಲಿಯ ನೆನಪಿಗೆ, ಅವರ ಜೆರ್ಸಿಯ ಎಂಟರ ಅಂಕಿಯ ಆಕಾರದಲ್ಲಿ ನಿಂತು ಹಾಕಾ ಎದುರಿಸಿದರು. ಆಮೇಲೆ ಗೆದ್ದರು.

ಪ್ರಶ್ನೆ: ಬೆಂಗಳೂರಿನ ತಂಡವೂ ಇದ್ದ ಸೆವೆನ್ಸ್ ಲೀಗ್ ಟಿವಿಯಲ್ಲಿ ನೋಡಿದೆ. ಆಲ್ ಬ್ಲ್ಯಾಕ್ಸ್ ಯಾವಾಗ ಕಂಠೀರವಕ್ಕೆ ಬರುತ್ತಾರೆ?

ಉತ್ತರ: ಏಳು ಜನರ ಆಟ ಬೇರೆ, ಹದಿನೈದರದು ಬೇರೆ. ನನ್ನ ಕಾಲದಲ್ಲಿ ಬರುವುದಿಲ್ಲ.

ಪ್ರಶ್ನೆ: ಇಟಲಿಯಲ್ಲಿದ್ದೇನೆ. ಆಸ್ಟ್ರೇಲಿಯಾದಂಥ ತಂಡ ಬಂದರೆ ಏಕಪಕ್ಷೀಯವಾಗಿರುತ್ತದೆ ಎಂದು ಗೆಳೆಯರು ಹೇಳುತ್ತಾರೆ. ಟಿಕೆಟ್ ಕೊಳ್ಳಲೇ?

ಉತ್ತರ: 2022, ಫ್ಲಾರೆನ್ಸ್: ಇಟಲಿ 28-27. 2025, ಊದಿನೆ: ಇಟಲಿ 26-19. ಗೆಳೆಯರನ್ನು ಬದಲಿಸಿ.

ಪ್ರಶ್ನೆ: ನವೆಂಬರಿನಲ್ಲಿ ಅಪ್ಪ ಅಮ್ಮ ಶಿವಮೊಗ್ಗದಿಂದ ಡಬ್ಲಿನ್‌ಗೆ ಬರುತ್ತಿದ್ದಾರೆ. ಅವರನ್ನು ಟೆಸ್ಟ್ ಪಂದ್ಯಕ್ಕೆ ಕರೆದುಕೊಂಡು ಹೋಗಬಹುದೇ?

ಉತ್ತರ: ಖಂಡಿತ ಹೋಗಿ. ಅವೀವಾ ಕ್ರೀಡಾಂಗಣದ ಉತ್ತರ ತುದಿಯ ಸ್ಟ್ಯಾಂಡ್ ಗಿಡ್ಡ, ಗಾಳಿ ಆ ಕಡೆಯಿಂದ ನುಗ್ಗುತ್ತದೆ, ಅಲ್ಲಿ ಟಿಕೆಟ್ ಬೇಡ. ಅಮ್ಮನಿಗೆ ಎರಡು ಸ್ವೆಟರ್ ಹಾಕಿಸಿ, ಸೀರೆಯ ಒಳಗೆ ಥರ್ಮಲ್ ಇರಲಿ, ಕಿವಿ ಮುಚ್ಚುವ ಟೋಪಿ ಇಬ್ಬರಿಗೂ. ರಾಷ್ಟ್ರಗೀತೆಗೆ ಮುಂಚೆ ಸೀಟಿನಲ್ಲಿ ಕೂತಿರಿ. ನಿಯಮ ವಿವರಿಸುತ್ತಾ ಅವರ ತಲೆ ತಿನ್ನಬೇಡಿ, ಕಬಡ್ಡಿ ನೋಡಿ ಬೆಳೆದವರಿಗೆ ಅರ್ಧ ಆಟ ಹೇಳದೆಯೇ ಅರ್ಥವಾಗುತ್ತದೆ.