ಕಾಸ್ಟಿಕ್ ಸೋಡಾದಲ್ಲಿ ಪಾಲಿಅಕ್ರಿಲಮೈಡ್ ತುಂಡಾಗುತ್ತದೆಯೇ?

ಮಂಡ್ಯ ಕಡೆಯ ಸಕ್ಕರೆ ಕಾರ್ಖಾನೆಗಳಲ್ಲಿ ಕಬ್ಬಿನ ಹಾಲಿನ ಮಡ್ಡಿ ಇಳಿಸಲು ಹಾಕುವ ಪುಡಿ ಇದೇ ಅಲ್ವಾ? ಕಾಸ್ಟಿಕ್ ಸೋಡಾದಂಥ ಕ್ಷಾರದಲ್ಲಿ ಇದರ ಅಣುವಿನ ಉದ್ದನೆಯ ಸರಪಳಿ ಸುಲಭಕ್ಕೆ ತುಂಡಾಗುವುದಿಲ್ಲ. ಕಾರ್ಬನ್-ಕಾರ್ಬನ್ ಬಂಧ ಗಟ್ಟಿ. ಪೆಟ್ಟು ಬೀಳುವುದು ಸರಪಳಿಯ ಪಕ್ಕದಲ್ಲಿ ಅಂಟಿಕೊಂಡಿರುವ, ಸಾರಜನಕವಿರುವ ಅಮೈಡ್ ಗುಂಪುಗಳಿಗೆ. ಕ್ಷಾರದ ಹೈಡ್ರಾಕ್ಸೈಡ್ (ಋಣ ಚಾರ್ಜಿನ ಕಣ) ಸೇರಿ ಅವು ಋಣ ಚಾರ್ಜ್ ಇರುವ ಕಾರ್ಬಾಕ್ಸಿಲೇಟ್ ಗುಂಪುಗಳಾಗುತ್ತವೆ, ಅಮೋನಿಯಾ ಹೊರಬರುತ್ತದೆ. ಬಿಸಿಯಿದ್ದರೆ ಮೂಗಿಗೇ ಗೊತ್ತಾಗುತ್ತದೆ!

ಮಜಾ ಇರುವುದು ಮುಂದೆ. ಋಣ ಚಾರ್ಜ್ ಹೆಚ್ಚಿದಂತೆ ಗುಂಪುಗಳು ಒಂದನ್ನೊಂದು ತಳ್ಳಿ ಸರಪಳಿ ಬಿಚ್ಚಿಕೊಳ್ಳುತ್ತದೆ, ದ್ರಾವಣ ಇನ್ನೂ ಮಂದವಾಗಬಹುದು. ಅದೇ ಚಾರ್ಜ್ ಹೊಸ ಹೈಡ್ರಾಕ್ಸೈಡನ್ನೂ ದೂರ ತಳ್ಳುವುದರಿಂದ ಕ್ರಿಯೆ ಬರಬರುತ್ತಾ ನಿಧಾನವಾಗುತ್ತದೆ. ಸುಣ್ಣದ ಕ್ಯಾಲ್ಸಿಯಂ ಜಾಸ್ತಿಯಿದ್ದರೆ ಸರಪಳಿ ಮುದುಡಿ ತಳ ಸೇರಬಹುದು.

ಸರಪಳಿ ತುಂಡಾಗಿ ದ್ರಾವಣ ತೆಳ್ಳಗಾಯಿತೇ? ಸುಮ್ನೆ ಕಾಸ್ಟಿಕ್ ಸೋಡಾವನ್ನು ಬೈಯಬೇಡಿ. ಕಬ್ಬಿಣದ ಅಂಶ, ಗಾಳಿಯ ಆಕ್ಸಿಜನ್, ಜೋರಾಗಿ ತಿರುಗುವ ಪಂಪು, ಇವನ್ನು ಮೊದಲು ನೋಡಿ.